ಆಂಗ್ಲರ ಋಣವೂ ನಾಡಿನ ಅಭಿಮಾನವೂ

ಕಲಬುರ್ಗಿಯಿಂದ ಅಫಜಲಪುರಕ್ಕೆ ಹೋಗುವ ಹಾದಿಯಲ್ಲಿ ಚೌಡಾಪುರವೆಂಬ ಊರುಂಟು. ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಹೊರಟ ಯಾತ್ರಿಕರು ಇಲ್ಲಿಯೇ ಅಫಜಲಪುರದ ಹಾದಿಯನ್ನು ಬಿಟ್ಟು ಭೀಮಾ ಅಮರಜೆಯರ ಸಂಗಮದ ಕಡೆಗೆ ತಿರುಗುವರು. ಆ ಸಂಗಮದಿಂದ ಭೀಮೆಯ ಗುಂಟ ಪಡುವಲಿಗೆ ಸಾಗಿದಂತೆ ಆಚೆಯ ದಂಡೆಯಲ್ಲಿ ಸಿಂದಗಿ, ಇಂಡಿ ಸೀಮೆಗಳ ಹಳ್ಳಿಗಳು ಕಣ್ಣಿಗೆ ಬೀಳುವುವು. ಈಚೆಗೂ ಆಚೆಗೂ ಒಂದೇ ಎರೆಯ ನೆಲ, ಒಂದೇ ಬಿಳಿಜೋಳ, ಒಂದೇ ಕನ್ನಡ ನುಡಿ. ಕೊಟ್ಟು ತಂದು ಮಾಡುವ ಬೀಗತನಗಳು ನದಿಯನ್ನು ದಾಟಿಯೇ ನಡೆಯುತ್ತ ಬಂದಿವೆ. ಇಷ್ಟಾದರೂ ಸುಮಾರು ನೂರು ವರ್ಷಗಳ ಕಾಲ ಈ ನದಿಯು ಎರಡು ಪ್ರಭುತ್ವಗಳ ಗಡಿಯಾಗಿದ್ದಿತು. ೧೮೪೮ರಲ್ಲಿ ಸಾತಾರೆಯ ಸಂಸ್ಥಾನವು ಇಂಗ್ಲಿಷರ ವಶವಾದಾಗ ಬಿಜಾಪುರದ ಸೀಮೆಯೂ ಅವರ ಕೈಸೇರಿತು. ಅಂದಿನಿಂದ ೧೯೪೭ರ ವರೆಗೆ ತೆಂಕಣ ದಂಡೆಯಲ್ಲಿ ಇಂಗ್ಲಿಷರ ಆಳಿಕೆ, ಬಡಗಣ ದಂಡೆಯಲ್ಲಿ ಹೈದರಾಬಾದಿನ ನಿಜಾಮರ ಆಳಿಕೆ ನಡೆಯಿತು. ಕೆಳಗೆ ಜೇವರ್ಗಿಯ ಕಡೆಗೆ ನದಿಯ ಎರಡು ಮಗ್ಗುಲೂ ನಿಜಾಮರದೇ. ಮೇಲೆ ಪಡುವಣಕ್ಕೆ ಅಕ್ಕಲಕೋಟೆಯ ಭೋಸಲೆ ಅರಸರ ಸಣ್ಣ ಸಂಸ್ಥಾನ. ಹೀಗೆ ಆಳಂದ, ಅಫಜಲಪುರ, ಜೇವರ್ಗಿಗಳ ಕನ್ನಡಿಗರು ಮೂರು ರಾಜ್ಯಗಳು ಕೂಡುವ ಎಡೆಯಲ್ಲಿ ಬಾಳಿದವರು.

ಈ ಗಡಿಯ ಗುರುತುಗಳು ಜನರ ಬಾಯಿಗೂ ಕೈಗೂ ಚೆನ್ನಾಗಿ ಬಂದಿದ್ದುವು. ಬಡಗಣ ನಾಡಿಗೆ ಮೊಗಲಾಯಿ ಎಂದು ರೂಢಿಯ ಹೆಸರು. ಅಲ್ಲಿ ಸಲ್ಲುತ್ತಿದ್ದುದು ಹಾಲಿ ಸಿಕ್ಕಾ ರೂಪಾಯಿ, ಆಚೆಗೆ ಇಂಗ್ಲಿಷರ ಕಲ್ದಾರ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರವೆಂಬ ಲೆಕ್ಕ ಸಂತೆಯ ವ್ಯಾಪಾರಿಗಳಿಗೆಲ್ಲ ಬಾಯಿಪಾಠವಾಗಿದ್ದಿತು. ಗಡಿಯನ್ನು ದಾಟುವ ಸರಕಿಗೆ ನಿಜಾಮರ ಕರೋಡಗಿರಿ ನಾಕೆಯಲ್ಲಿ ನೂರಕ್ಕೆ ಐದರಂತೆ ಸುಂಕ ತೆರಬೇಕಾಗುತ್ತಿತ್ತು. ಕಾಗದಕ್ಕೆ ಹಚ್ಚುವ ಅಂಚೆಯ ಚೀಟಿಯೂ ಬೇರೆ, ಕಚೇರಿಯ ಭಾಷೆಯೂ ಬೇರೆ. ಇವೆಲ್ಲವುಗಳಿಗಿಂತ ಮಿಗಿಲಾದ ಭೇದವೊಂದು ಕಾಯಿದೆಯಲ್ಲಿ ಅಡಗಿದ್ದಿತು. ಇಂಡಿಯ ಸೀಮೆಯಲ್ಲಿ ಹುಟ್ಟಿದ ಕೂಸು ೧೯೧೪ರ ಬ್ರಿಟಿಶ್ ರಾಷ್ಟ್ರೀಯತೆಯ ಕಾಯಿದೆಯ ಪ್ರಕಾರ ಜನ್ಮತಃ ಬ್ರಿಟಿಶ್ ಪ್ರಜೆ. ಅಫಜಲಪುರದ ಸೀಮೆಯಲ್ಲಿ ಹುಟ್ಟಿದ ಕೂಸು ಬ್ರಿಟಿಶ್ ಪ್ರಜೆಯಲ್ಲ. ಪರದೇಶಕ್ಕೆ ಹೋದರೆ ಅವನು ಬ್ರಿಟಿಶರಿಂದ ರಕ್ಷಿತನಾದ ವ್ಯಕ್ತಿ ಎನಿಸಿಕೊಳ್ಳುವನು, ಸ್ವದೇಶದಲ್ಲಿ ನಿಜಾಮರ ರಯತನು. ಹೈದರಾಬಾದಿನ ಸರಕಾರದಲ್ಲಿ ನೌಕರಿ ಬೇಕಾದರೆ ಅವನು ಮುಲ್ಕಿ ಎಂಬುದನ್ನು ಸಿದ್ಧಪಡಿಸಬೇಕು. ೧೯೧೯ರ ಫರ್ಮಾನಿನಂತೆ ಹೊರಗಿನವನು ಮುಲ್ಕಿಯಾಗಲು ಹದಿನೈದು ವರ್ಷಗಳ ವಾಸ ಬೇಕಾಗಿದ್ದಿತು. ಒಬ್ಬ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಈಚೆಗೂ ಒಬ್ಬಳನ್ನು ಆಚೆಗೂ ಕೊಟ್ಟಿದ್ದರೆ, ಅವಳ ಮೊಮ್ಮಕ್ಕಳು ಒಬ್ಬರಿಗೊಬ್ಬರು ಪರರಾಜ್ಯದವರು.

ಒಂದೇ ಜನವು ಹೀಗೆ ಎರಡು ಹಣೆಬರಹಗಳನ್ನು ಹೊತ್ತು ಬಾಳುತ್ತಿರುವಾಗ ದೇಶಾಭಿಮಾನವೆಂಬುದು ಯಾವುದನ್ನು ಆಶ್ರಯಿಸಿ ನಿಲ್ಲಬೇಕು? ಆಳುವವನ ಹೆಸರನ್ನೋ, ನಾಣ್ಯದ ಮೇಲಿನ ಮುದ್ರೆಯನ್ನೋ, ಅಥವಾ ಇವೆರಡಕ್ಕೂ ಹೊರತಾದ ಬೇರೊಂದನ್ನೋ? ಬ್ರಿಟಿಶ್ ಪ್ರಜೆಯೆನಿಸಿಕೊಂಡುದರಲ್ಲಿ ಮೆಚ್ಚತಕ್ಕುದೇನಾದರೂ ಇದ್ದಿತೇ? ಇದ್ದರೆ ಅದನ್ನು ಮೆಚ್ಚಿಯೂ ಸ್ವಾಭಿಮಾನಿಯಾಗಿರುವುದು ಸಾಧ್ಯವೇ? ಈ ಪ್ರಶ್ನೆಗಳಿಗೆ ಭೀಮೆಯ ಎರಡು ದಂಡೆಗಳ ಇತಿಹಾಸದಲ್ಲಿ ದೊರೆಯುವಷ್ಟು ಸ್ಪಷ್ಟವಾದ ಉತ್ತರವು ದೂರದ ರಾಜಧಾನಿಗಳಲ್ಲಿ ದೊರೆಯಲಾರದು.

ಬ್ರಿಟನ್ನಿನ ಜನರು ತಮ್ಮ ನಾಡಿನ ವಿಷಯವಾಗಿ ಹೆಮ್ಮೆಪಡುವ ಸಂಗತಿಗಳು ಪ್ರಸಿದ್ಧವಾಗಿಯೇ ಇವೆ. ೧೨೧೫ರಲ್ಲಿ ಅರಸನಿಂದ ಪಡೆದ ಮಹಾಸನದು, ಕಾರಣ ತೋರದೆ ಯಾರನ್ನೂ ಸೆರೆಯಲ್ಲಿಡಬಾರದೆಂಬ ೧೬೭೯ರ ಕಾಯಿದೆ, ೧೬೮೯ರ ಹಕ್ಕುಗಳ ಶಾಸನ, ಪಾರ್ಲಿಮೆಂಟು, ಶೇಕ್ಸ್‌ಪಿಯರನ ಕಾವ್ಯ, ೧೮೦೭ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿದುದು. ಈ ಯಾದಿಯಲ್ಲಿ ಒಂದು ವಿಶೇಷವಿದೆ. ಇದರಲ್ಲಿ ಬಹುಭಾಗವು ಆಳುವವನ ಕೈಯನ್ನು ಕಟ್ಟುವ ಸಂಗತಿಗಳು. ರಾಜನು ನೆಲಕ್ಕೆ ಒಡೆಯನಾದರೂ ಕಾಯಿದೆಗೆ ಒಡೆಯನಲ್ಲವೆಂಬುದೇ ಆ ಜನರ ಅಭಿಮಾನದ ತಿರುಳು. ಇಂತಹ ಅಭಿಮಾನವನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಲು ಬರುವಂತಿಲ್ಲ. ಓದಿದವರೆಲ್ಲ ಅದನ್ನು ತಮಗೂ ಬೇಕೆನ್ನುವರು. ದಾದಾಭಾಯಿ ನವರೋಜಿಯವರು ಇದನ್ನು ಮೊದಲೇ ಕಂಡುಕೊಂಡರು. ಅವರು ೧೮೯೨ರಲ್ಲಿ ಲಂಡನ್ನಿನ ಫಿನ್ಸ್‌ಬರಿ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿ ಹೋದರು. ೧೯೦೧ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದ ಹೆಸರಿನಲ್ಲಿಯೇ ಹಿಂದುಸ್ಥಾನದ ಆಳಿಕೆಯನ್ನು ಬ್ರಿಟಿಶ್ ಗುಣಕ್ಕೆ ವಿರುದ್ಧವಾದುದೆಂದು ಕರೆದರು. ಆಳುವವರ ಕೋಲಿನಿಂದಲೇ ಆಳಿಕೆಯನ್ನು ಅಳೆದು, ಅದು ಕಡಿಮೆ ಬೀಳುವುದೆಂದು ತೋರಿಸಿಕೊಟ್ಟ ರೀತಿ ಇದು.

ಭೀಮಾತೀರದವರಿಗೆ ಆ ಕೋಲಿನ ಪರಿಚಯವು ಮೊದಲು ಉಂಟಾದುದು ಉಕ್ಕಿನ ಹಳಿಗಳ ಮೂಲಕ. ಮುಂಬಯಿಯಿಂದ ಹೊರಟ ಜಿ. ಐ. ಪಿ. ರೈಲುಮಾರ್ಗವು ೧೮೬೦ರಲ್ಲಿ ಸೊಲ್ಲಾಪುರಕ್ಕೆ ಬಂದು, ೧೮೭೧ರಲ್ಲಿ ಕಲಬುರ್ಗಿಯ ಮೇಲಿಂದ ರಾಯಚೂರನ್ನು ಮುಟ್ಟಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. ಗಾಣಗಾಪುರದ ಯಾತ್ರಿಕರಿಗಾಗಿ ಗಾಣಗಾಪುರ ರೋಡ್ ಎಂಬ ನಿಲ್ದಾಣವೇ ಆಯಿತು. ನಿಜಾಮರ ರಾಜ್ಯದಲ್ಲಿ ಹಾಯ್ದ ಈ ಹಳಿಗಳ ಕೆಳಗಿನ ನೆಲದ ಮೇಲೆ ನ್ಯಾಯಾಧಿಕಾರವು ಮಾತ್ರ ಇಂಗ್ಲಿಷರದಾಗಿದ್ದಿತು. ಈ ಸಣ್ಣ ಪಟ್ಟಿಯ ಮೇಲೆಯೇ ಒಂದು ದೊಡ್ಡ ವ್ಯಾಜ್ಯ ಹುಟ್ಟಿತು. ಮಹಮ್ಮದ್ ಯೂಸುಫುದ್ದೀನ್ ಎಂಬ ಹೈದರಾಬಾದಿನವನನ್ನು, ದೂರದ ಸಿಮ್ಲೆಯ ಮ್ಯಾಜಿಸ್ಟ್ರೇಟನ ವಾರಂಟಿನ ಮೇಲೆ, ನಿಜಾಮರ ರೈಲುಮಾರ್ಗದ ಶಂಕರಪಲ್ಲಿ ನಿಲ್ದಾಣದಲ್ಲಿ ಹಿಡಿದರು. ಆರೋಪಕ್ಕೂ ರೈಲಿಗೂ ಸಂಬಂಧವಿರಲಿಲ್ಲ. ಮೊಕದ್ದಮೆಯು ಲಂಡನ್ನಿನ ಪ್ರಿವಿ ಕೌನ್ಸಿಲಿನ ವರೆಗೆ ಹೋಯಿತು. ನಿಜಾಮರು ಬಿಟ್ಟುಕೊಟ್ಟಿರುವುದು ರೈಲಿನ ಆಡಳಿತಕ್ಕೆ ಬೇಕಾದಷ್ಟು ಅಧಿಕಾರವನ್ನು ಮಾತ್ರ. ಅದನ್ನು ಮೀರಿ ಒಬ್ಬನನ್ನು ಹಿಡಿದುದು ಕಾಯಿದೆಗೆ ಸಲ್ಲದೆಂದು ೧೮೯೭ರಲ್ಲಿ ಆ ನ್ಯಾಯಪೀಠವು ತೀರ್ಪುಕೊಟ್ಟಿತು. ವ್ಯಾಜ್ಯದಲ್ಲಿ ಎದುರು ಪಕ್ಷದವಳು ಸಾಕ್ಷಾತ್ ಮಹಾರಾಣಿ ಚಕ್ರವರ್ತಿನಿ. ಅವಳ ಹೆಸರಿನಲ್ಲಿಯೇ ಕೂತ ನ್ಯಾಯಾಧೀಶರು ಅವಳ ವಿರುದ್ಧವಾಗಿ, ಬ್ರಿಟಿಶ್ ಪ್ರಜೆಯೂ ಅಲ್ಲದ ಒಬ್ಬನ ಪಕ್ಷದಲ್ಲಿ ನಿರ್ಣಯಿಸಿದರು. ಆಂಗ್ಲರ ಆಳಿಕೆಯಲ್ಲಿ ಮೆಚ್ಚತಕ್ಕುದೇನಿತ್ತೆಂದು ಕೇಳುವವರಿಗೆ ಇದಕ್ಕಿಂತ ಚೊಕ್ಕವಾದ ಉದಾಹರಣೆ ಸಿಕ್ಕುವುದು ಕಷ್ಟ.

ಮಾತನಾಡುವ ಸ್ವಾತಂತ್ರ್ಯದ ವಿಷಯದಲ್ಲಿಯೂ ಎರಡು ದಂಡೆಗಳ ಅಂತರವು ಕಣ್ಣಿಗೆ ಹೊಡೆಯುವಂತಿದ್ದಿತು. ನಿಜಾಮರ ರಾಜ್ಯದಲ್ಲಿ ಗಸ್ತಿ ನಿಶಾನ್ ೫೩ ಎಂಬ ಸುತ್ತೋಲೆಯಿಂದ ಅಪ್ಪಣೆಯಿಲ್ಲದೆ ಸಭೆ ಕೂಡಿಸುವುದು ಅಶಕ್ಯವಾಗಿದ್ದಿತು. ಆದುದರಿಂದ ಹೈದರಾಬಾದ್ ಸಂಸ್ಥಾನದ ಪ್ರಜೆಗಳು ತಮ್ಮ ರಾಜಕೀಯ ಪರಿಷತ್ತುಗಳನ್ನು ೧೯೨೩ರಲ್ಲಿ ಕಾಕಿನಾಡದಲ್ಲಿಯೂ, ೧೯೨೬ರಲ್ಲಿ ಮುಂಬಯಿಯಲ್ಲಿಯೂ, ೧೯೨೮ರಲ್ಲಿ ಪುಣೆಯಲ್ಲಿಯೂ, ೧೯೩೧ರಲ್ಲಿ ಅಕೋಲೆಯಲ್ಲಿಯೂ ಕೂಡಿಸಿದರು. ಈ ನಾಲ್ಕೂ ಊರುಗಳು ಇಂಗ್ಲಿಷರ ಆಳಿಕೆಗೆ ಒಳಪಟ್ಟವು. ತಮ್ಮ ಮನೆಯ ಕಷ್ಟವನ್ನು ಹೇಳಿಕೊಳ್ಳಲು ನೆರೆಮನೆಯ ಜಗುಲಿಗೆ ಹೋಗಬೇಕಾದ ಜನರಿಗೆ ಆ ಜಗುಲಿಯ ಮೇಲೆ ಪ್ರೀತಿ ಹುಟ್ಟಿದರೆ ಅದು ಅಸಹಜವೆನ್ನಲಾಗದು.

ಶಿಕ್ಷಣದ ವಿಷಯವೂ ಹಾಗೆಯೇ. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮೊದಲು ಮರಾಠಿಯೇ ಶಾಲೆಯ ಭಾಷೆಯಾಗಿದ್ದಿತು. ವಾಲ್ಟರ್ ಎಲಿಯಟ್, ರಸೆಲ್ ಮೊದಲಾದ ಆಂಗ್ಲ ಅಧಿಕಾರಿಗಳು ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಕಲಿಸಬೇಕೆಂದು ಹಿಡಿದರು. ಡೆಪ್ಯುಟಿ ಚೆನ್ನಬಸಪ್ಪನವರು ಧಾರವಾಡದಲ್ಲಿ ಶಿಕ್ಷಕರನ್ನು ಸಿದ್ಧಗೊಳಿಸಿ ಊರೂರಿಗೆ ಕನ್ನಡ ಶಾಲೆಗಳನ್ನು ಹಬ್ಬಿಸಿದರು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದುದು ಆ ಶಾಲೆಗಳ ಫಲ. ಮೊಗಲಾಯಿಯಲ್ಲಿ ಕಚೇರಿಯ ಭಾಷೆಯು ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ನಡೆಯಿಸಿದ ಆ ವಿದ್ಯಾಪೀಠದ ಸಾಹಸವು ಸಾಮಾನ್ಯವಾದುದಲ್ಲ. ಆದರೆ ಕಲಬುರ್ಗಿ ರಾಯಚೂರುಗಳ ಕನ್ನಡ ಮಕ್ಕಳಿಗೆ ಆ ಭಾಷೆಯು ಮನೆಯ ಭಾಷೆಯಾಗಿರಲಿಲ್ಲ. ೧೯೦೭ರಲ್ಲಿ ಕಲಬುರ್ಗಿಯಲ್ಲಿ ಹುಟ್ಟಿದ ನೂತನ ವಿದ್ಯಾಲಯದಂತಹ ಜನರ ಸ್ವಂತ ಸಂಸ್ಥೆಗಳು ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತ ಬಂದುವು.

ಕಾಯಿದೆ, ರೈಲು, ಶಾಲೆಗಳು ಸರಕಾರದ ಕೃತ್ಯಗಳು. ಇವುಗಳ ಜೊತೆಗೆ ಕೆಲವರು ಆಂಗ್ಲರ ವೈಯಕ್ತಿಕವಾದ ಒಲವೂ ಈ ಸೀಮೆಗೆ ದೊರೆಯಿತು. ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು ೧೮೪೨ರಿಂದ ೧೮೫೩ರ ವರೆಗೆ ಸುರಪುರ ಸಂಸ್ಥಾನದ ಮೇಲ್ವಿಚಾರಣೆಯಲ್ಲಿದ್ದರು. ಎಳೆಯ ಅರಸನಾದ ವೆಂಕಟಪ್ಪನಾಯಕನ ಪಾಲನೆಯೂ ಅವರದೇ. ಜನರು ಅವರನ್ನು ಮಹಾದೇವ ಬಾಬಾ ಎಂದು ಕರೆದರು. ಅರಸನು ಅಪ್ಪಾ ಎಂದು ಕರೆದನು. ಅವರ ಹೆಸರಿನ ಟೇಲರ್ ಮಂಜಿಲ್ ಎಂಬ ಬಂಗಲೆಯು ಸುರಪುರದ ಗುಡ್ಡದ ಮೇಲಿದೆ. ಜೇವರ್ಗಿಯ ಸುತ್ತಲಿನ ಬಯಲಿನಲ್ಲಿ ಇರುವ ಕಲ್ಲುಗುಪ್ಪೆಯ ಪ್ರಾಚೀನ ಸಮಾಧಿಗಳನ್ನು ಅಗೆಸಿ ನೋಡಿ, ಅವು ತಮ್ಮ ನಾಡಿನ ಪುರಾತನ ಸಮಾಧಿಗಳನ್ನು ಹೋಲುವುದನ್ನು ಕಂಡು ವಿಸ್ಮಯಪಟ್ಟು ವಿದ್ವಾಂಸರಿಗೆ ತಿಳಿಸಿದವರೂ ಅವರೇ. ಭೀಮಾತೀರದ ಬಯಲಿಗೂ ಬ್ರಿಟನ್ನಿನ ಬಯಲಿಗೂ ನಡುವೆ ಅಷ್ಟು ಸಲಿಗೆಯ ಸಂಬಂಧವನ್ನು ಅದಕ್ಕೆ ಮೊದಲು ಯಾರೂ ಕಲ್ಪಿಸಿರಲಿಲ್ಲ.

ಆದರೆ ಈ ಒಲವಿನ ಕಥೆಯ ಕೊನೆಯನ್ನೂ ಹೇಳಬೇಕು. ೧೮೫೮ರಲ್ಲಿ ವೆಂಕಟಪ್ಪನಾಯಕನು ಇಂಗ್ಲಿಷರ ಮೇಲೆ ಎದ್ದನು, ಸೋತು ಸೆರೆಸಿಕ್ಕಿದನು. ಟೇಲರರು ಸೆರೆಯಲ್ಲಿ ಅವನನ್ನು ಕಂಡು ಮಾತನಾಡಿದರು. ಮರಣದಂಡನೆಯು ನಾಲ್ಕು ವರ್ಷಗಳ ಸೆರೆಗೆ ಇಳಿಯಿತಾದರೂ, ಚೆಂಗಲ್ಪಟ್ಟಿಗೆ ಒಯ್ಯುವ ಹಾದಿಯಲ್ಲಿ ಆ ತರುಣನು ಗುಂಡೇಟಿನಿಂದ ಸತ್ತನು. ಅವನ ರಾಜ್ಯವನ್ನು ೧೮೬೦ರಲ್ಲಿ ಇಂಗ್ಲಿಷರು ತಮ್ಮ ನಿಷ್ಠಾವಂತ ಮಿತ್ರರಾದ ನಿಜಾಮರಿಗೆ ಕೊಟ್ಟುಬಿಟ್ಟರು. ಸಾಕಿದ ಕೈಯೂ ಕೆಡಹಿದ ಕೈಯೂ ಒಂದೇ ಜನದವು. ಟೇಲರರ ಪ್ರೀತಿಯು ಸುಳ್ಳಾಗಿರಲಿಲ್ಲ. ಆ ಪ್ರೀತಿಯಿಂದ ಸುರಪುರವು ಉಳಿಯಲೂ ಇಲ್ಲ.

ವಿದ್ಯೆಯ ಕ್ಷೇತ್ರದಲ್ಲಿ ಮಾತ್ರ ಆಂಗ್ಲರ ಕೊಡುಗೆಯು ಇಂತಹ ಕಲಂಕವಿಲ್ಲದೆ ನಿಂತಿದೆ. ಮುಂಬಯಿ ಇಲಾಖೆಯ ಅಧಿಕಾರಿಗಳಾಗಿದ್ದ ಜಾನ್ ಫೇಯ್ತ್‌ಫುಲ್ ಫ್ಲೀಟ್ ಸಾಹೇಬರು ಹಳ್ಳಿಹಳ್ಳಿಯ ಶಾಸನಗಳನ್ನು ಓದಿ, ಚಾಲುಕ್ಯ ರಾಷ್ಟ್ರಕೂಟಾದಿ ರಾಜವಂಶಗಳ ಚರಿತ್ರೆಯನ್ನು ೧೮೮೨ರಲ್ಲಿ ಅಚ್ಚುಹಾಕಿಸಿದರು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಸಾಹೇಬರು ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಪ್ರಕಟಿಸಿದರು. ಫ್ಲೀಟರು ಶಾಸನಗಳಿಗೆ ನಿಲ್ಲದೆ ಹಳ್ಳಿಗರ ಲಾವಣಿಗಳನ್ನೂ ಬರೆದುಕೊಂಡರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೊಂದು. ಕಂಪನಿ ಸರಕಾರದ ವಿರುದ್ಧ ಕಾದಾಡಿ ೧೮೩೧ರಲ್ಲಿ ನಂದಗಡದಲ್ಲಿ ನೇಣುಗಂಬವನ್ನೇರಿದ ವೀರನ ಹಾಡನ್ನು, ಅದೇ ಸರಕಾರದ ವಾರಸುದಾರರ ನೌಕರನೊಬ್ಬನು ಜತನದಿಂದ ಅಚ್ಚಿಗೆ ಇಳಿಸಿದನು. ವೈರಿಯ ಕೀರ್ತಿಯನ್ನೂ ಕಾಯ್ದಿಡುವ ಈ ಜ್ಞಾನನಿಷ್ಠೆಯು ಆಳಿಕೆಯ ಲಾಭನಷ್ಟಗಳಿಗೆ ಮೀರಿದುದು.

ಈ ಬೀಜವು ಬಿದ್ದ ನೆಲ ಬರಡಾಗಿರಲಿಲ್ಲ. ಫ್ಲೀಟಾದಿಗಳು ಬೆಳಕಿಗೆ ತಂದ ಶಾಸನಗಳಿಂದ ಕನ್ನಡಿಗರಿಗೆ ತಮ್ಮ ಹಿಂದಿನ ಹಿರಿಮೆ ತಿಳಿಯಿತು. ಕಾವೇರಿಯಿಂದ ಗೋದಾವರಿಯ ವರೆಗೆ ಕನ್ನಡ ನಾಡು ಹಬ್ಬಿತ್ತೆಂದು ಹೇಳುವ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ೧೮೯೮ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಆ ಗ್ರಂಥವು ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವು, ಇಂದಿನ ಮಳಖೇಡವು, ಕಲಬುರ್ಗಿಯ ಜಿಲ್ಲೆಯಲ್ಲಿಯೇ ಇದೆ. ಬಿಜಾಪುರದಲ್ಲಿ ಜನಿಸಿದ ಆಲೂರು ವೆಂಕಟರಾಯರು ಈ ಸಾಮಗ್ರಿಯನ್ನೆಲ್ಲ ಅರೆದು ಕುಡಿದು ೧೯೧೭ರಲ್ಲಿ ಕರ್ನಾಟಕ ಗತವೈಭವವನ್ನು ಬರೆದರು. ಆಂಗ್ಲರಿಗೆ ಇತಿಹಾಸವಾಗಿದ್ದುದು ಆಲೂರರ ಕೈಯಲ್ಲಿ ಎಚ್ಚರಿಕೆಯ ಗಂಟೆಯಾಯಿತು. ಧಾರವಾಡದವನೂ ಕಲಬುರ್ಗಿಯವನೂ ಮೈಸೂರಿನವನೂ ಒಂದೇ ಮನೆಯವರೆಂಬ ಮಾತು ಆ ಗ್ರಂಥದಿಂದ ಮನೆಮನೆಯ ಮಾತಾಯಿತು.

ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರ ಬಾಳನ್ನು ನೋಡಿದರೂ ಇದೇ ಸಂಗತಿ ವೇದ್ಯವಾಗುವುದು. ಮುಂಬಯಿ ವಿಶ್ವವಿದ್ಯಾಲಯದ ಪದವಿಯನ್ನು ಪಡೆದು ಇಂಗ್ಲಿಷರ ನ್ಯಾಯಾಲಯದಲ್ಲಿ ಕಾಯಿದೆಯ ಕೆಲಸ ಮಾಡುತ್ತಿದ್ದ ಅವರು ಹಳೆಯ ತಾಳೆಗರಿಗಳನ್ನು ಹುಡುಕಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರಗೆಡಹಿದರು. ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಆ ವಚನಗಳು ಹುಟ್ಟಿದ ಕಲ್ಯಾಣವು ಮೊಗಲಾಯಿಯಲ್ಲಿ. ಅವು ಅಚ್ಚಾದುದು ಇಂಗ್ಲಿಷರ ಸೀಮೆಯಲ್ಲಿ. ಓದಿದವರು ಎರಡೂ ದಂಡೆಯವರು. ಭೀಮೆಯ ಮಗ್ಗುಲಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಂಗಸರ ಬೀಸುವ ಕುಟ್ಟುವ ಹಾಡುಗಳನ್ನು ಕೂಡಿಸಿ ೧೯೩೧ರಲ್ಲಿ ಗರತಿಯ ಹಾಡು ಎಂಬ ಸಂಗ್ರಹವನ್ನು ಹೊರತಂದರು. ಅಂತಹ ಹಾಡುಗಳಿಗೆ ಕರೋಡಗಿರಿ ನಾಕೆಯಲ್ಲಿ ಸುಂಕವಿರಲಿಲ್ಲ. ಮದುವೆಯಾಗಿ ಈಚೆಗೆ ಬಂದ ಹೆಣ್ಣುಮಗಳೊಡನೆ ಅವು ಹೊಳೆ ದಾಟಿ ಬರುತ್ತಿದ್ದುವು.

ಹೀಗೆ ಮೆಚ್ಚತಕ್ಕುದನ್ನು ಮೆಚ್ಚಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಬಡಗಣ ದಂಡೆಯಲ್ಲಿ ಸಭೆಯ ಸ್ವಾತಂತ್ರ್ಯವಿಲ್ಲದುದಕ್ಕೆ ನಿಜಾಮರೊಬ್ಬರೇ ಕಾರಣರೇ? ೧೭೯೮ರ ಸಹಾಯಕ ಸೈನ್ಯದ ಒಪ್ಪಂದದಿಂದ ಆ ಸಿಂಹಾಸನವು ನಿಂತುದು ಇಂಗ್ಲಿಷರ ಬಂದೂಕಗಳ ಆಸರೆಯಿಂದ. ಮೊದಲನೆಯ ಮಹಾಯುದ್ಧದಲ್ಲಿ ಮಾಡಿದ ಸಹಾಯಕ್ಕಾಗಿ ೧೯೧೮ರಲ್ಲಿ ನಿಜಾಮರಿಗೆ ಬ್ರಿಟಿಶ್ ಸರಕಾರದ ನಂಬುಗೆಯ ಮಿತ್ರರೆಂಬ ಬಿರುದು ದೊರೆಯಿತು. ತನ್ನ ಮನೆಯಲ್ಲಿ ಕಾಯಿದೆಯ ರಾಜ್ಯವನ್ನು ಕೊಂಡಾಡುವ ಜನವು, ನೆರೆಯಲ್ಲಿ ಒಬ್ಬನ ಇಚ್ಛೆಯ ರಾಜ್ಯಕ್ಕೆ ಕಾವಲು ನಿಂತಿತು. ತೆಂಕಣ ದಂಡೆಯ ಸ್ವಾತಂತ್ರ್ಯವೂ ಮೇರೆಯುಳ್ಳದ್ದೇ. ೧೯೩೦ರ ಮೇ ತಿಂಗಳಿನಲ್ಲಿ ಸೊಲ್ಲಾಪುರದಲ್ಲಿ ಸೇನಾಶಾಸನವನ್ನು ಜಾರಿಗೊಳಿಸಿದ ಸರಕಾರವು, ೧೯೩೧ರ ಜನವರಿ ೧೨ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರನ್ನು ಯರವಡೆಯ ಸೆರೆಮನೆಯಲ್ಲಿ ಗಲ್ಲಿಗೇರಿಸಿತು. ೧೬೭೯ರ ಕಾಯಿದೆಯ ಹೆಮ್ಮೆಯು ಸೊಲ್ಲಾಪುರದ ಬೀದಿಯ ವರೆಗೆ ಬರಲಿಲ್ಲ. ಬ್ರಿಟಿಶ್ ಪ್ರಜೆಯೆಂಬ ಹೆಸರಿನಲ್ಲಿ ಲಂಡನ್ನಿನವನಿಗೂ ಇಂಡಿಯವನಿಗೂ ಒಂದೇ ಅಕ್ಷರಗಳಿದ್ದರೂ ಅರ್ಥವು ಒಂದೇ ಆಗಿರಲಿಲ್ಲ.

ಇದನ್ನೆಲ್ಲ ಬಲ್ಲ ವಿವೇಕಿಗಳು ಆಂಗ್ಲರನ್ನು ಪೂಜಿಸಲೂ ಇಲ್ಲ, ಆಂಗ್ಲರ ವಿದ್ಯೆಯನ್ನು ಹೊಳೆಗೆ ಚೆಲ್ಲಲೂ ಇಲ್ಲ. ೧೯೨೮ರಲ್ಲಿ ಕಲಬುರ್ಗಿಯಲ್ಲಿ ಕೂಡಿದ ಹದಿನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾಗಿ ಬಂದವರು ಬಿ. ಎಂ. ಶ್ರೀಕಂಠಯ್ಯನವರು. ಇಂಗ್ಲಿಷಿನ ಅಧ್ಯಾಪಕರಾಗಿದ್ದ ಅವರು ಅದಕ್ಕೆ ಎರಡು ವರ್ಷ ಮೊದಲು ಇಂಗ್ಲಿಷ್ ಗೀತಗಳನ್ನು ಪ್ರಕಟಿಸಿ, ಆ ಭಾಷೆಯ ಕವಿತೆಗಳಿಗೆ ಕನ್ನಡದ ಉಸಿರನ್ನು ತುಂಬಿದ್ದರು. ನಿಜಾಮರ ರಾಜ್ಯದಲ್ಲಿ, ಮೈಸೂರಿನ ಪ್ರಜೆಯೊಬ್ಬನ ಅಧ್ಯಕ್ಷತೆಯಲ್ಲಿ, ಮುಂಬಯಿ ಮದ್ರಾಸು ಇಲಾಖೆಗಳ ಕನ್ನಡಿಗರೂ ಕೂಡಿದ ಆ ಸಭೆಯಲ್ಲಿ ರಾಜ್ಯಗಳು ಬೇರೆಬೇರೆಯಾಗಿದ್ದರೂ ನಾಡು ಒಂದಾಗಿದ್ದಿತು.

೧೯೪೭ರ ಆಗಸ್ಟ್ ೧೫ರಂದು ಆಚೆಯ ದಂಡೆಯಲ್ಲಿ ಬ್ರಿಟಿಶರ ಧ್ವಜವು ಇಳಿದು ತ್ರಿವರ್ಣಧ್ವಜವು ಏರಿತು. ಈಚೆಯ ದಂಡೆಯಲ್ಲಿ ಏರಲಿಲ್ಲ. ಯಾವ ದಂಡೆಯು ಪರಕೀಯರ ನೇರವಾದ ಆಳಿಕೆಯಲ್ಲಿದ್ದಿತೋ ಅದು ಮೊದಲು ಬಿಡುಗಡೆಯಾಯಿತು. ದೇಶೀಯ ಅರಸರ ದಂಡೆಯು ಹದಿಮೂರು ತಿಂಗಳು ಕಾಯಬೇಕಾಯಿತು. ಸಿಂದಗಿಯಲ್ಲಿ ೧೯೦೩ರಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರು, ಎಂದರೆ ಬ್ರಿಟಿಶ್ ಸೀಮೆಯಲ್ಲಿ ಹುಟ್ಟಿದವರು, ಮೊಗಲಾಯಿಯ ಬಿಡುಗಡೆಯ ಹೋರಾಟಕ್ಕೆ ನಾಯಕರಾದರು. ಆ ತಿಂಗಳುಗಳಲ್ಲಿ ರಜಾಕಾರರ ಉಪಟಳದಿಂದ ಹಳ್ಳಿಗಳು ನಡುಗಿದುವು. ೧೯೪೮ರ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಕಗ್ಗೊಲೆಯನ್ನು ಆ ಸೀಮೆಯವರು ಮರೆತಿಲ್ಲ. ಸೆಪ್ಟೆಂಬರ್ ೧೩ರಂದು ಸೊಲ್ಲಾಪುರದ ಕಡೆಯಿಂದ ಭಾರತದ ಸೈನ್ಯವು ಒಳಹೊಕ್ಕಿತು. ೧೭ರಂದು ನಿಜಾಮರು ಶರಣಾದರು.

ಬಿಡುಗಡೆಯ ಆ ಹರ್ಷದ ಹಿಂದೆಯೇ ಒಂದು ಕತ್ತಲೆಯೂ ಬಂದಿತು. ಭಾರತ ಸರಕಾರವು ಕಳುಹಿದ ಪಂಡಿತ ಸುಂದರಲಾಲರ ಸಮಿತಿಯು ೧೯೪೮ರ ಕೊನೆಗೆ ಆ ಸೀಮೆಗಳಲ್ಲಿ ಸಂಚರಿಸಿ, ಸೈನಿಕ ಕಾರ್ಯಾಚರಣೆಯ ಸಮಯದಲ್ಲಿಯೂ ಅನಂತರದಲ್ಲಿಯೂ ಸತ್ತವರ ಸಂಖ್ಯೆಯನ್ನು ೨೭,೦೦೦ದಿಂದ ೪೦,೦೦೦ದ ವರೆಗೆ ಅಂದಾಜು ಮಾಡಿತು. ಸತ್ತವರಲ್ಲಿ ಬಹುಮಂದಿ ಮುಸಲ್ಮಾನರು. ಬಹಳವಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರ್ಗಿಯೂ ಒಂದು. ಆ ವರದಿಯು ಬಹುಕಾಲ ಬೆಳಕಿಗೆ ಬಾರದೆ ೨೦೧೩ರ ಸುಮಾರಿಗೆ ಸಾರ್ವಜನಿಕರಿಗೆ ದೊರೆಯಿತು. ಸೊಲ್ಲಾಪುರದ ನೇಣುಗಂಬವನ್ನು ನೆನೆದು ಆಂಗ್ಲರ ಹೆಮ್ಮೆಯನ್ನು ಅಳೆಯುವ ನಾಡು, ಅದೇ ಕೋಲಿನಿಂದ ತನ್ನ ೧೯೪೮ನ್ನೂ ಅಳೆದುಕೊಳ್ಳಲೇಬೇಕು. ತನ್ನವರ ತಪ್ಪಿಗೆ ಬೇರೆ ಕೋಲು, ಪರರ ತಪ್ಪಿಗೆ ಬೇರೆ ಕೋಲು ಎಂದಾದರೆ ದಾದಾಭಾಯಿಯವರು ಬ್ರಿಟಿಶರ ಮೇಲೆ ಹೊರಿಸಿದ ಆಪಾದನೆಗೆ ತಾನೇ ಗುರಿಯಾದಂತಾಗುವುದು.

೧೯೫೦ರ ಜನವರಿ ೨೬ರಂದು ಸಂವಿಧಾನವು ಜಾರಿಗೆ ಬಂದು ಎರಡು ದಂಡೆಗಳವರೂ ಒಂದೇ ದೇಶದ ಪೌರರಾದರು. ಬ್ರಿಟಿಶ್ ಪ್ರಜೆ, ರಕ್ಷಿತ ವ್ಯಕ್ತಿ ಎಂಬ ಭೇದವು ಹಳೆಯ ಕಾಗದಗಳ ಪಾಲಾಯಿತು. ಕಾರಣ ತಿಳಿಸದೆ ಬಂಧನದಲ್ಲಿಡಬಾರದು, ಸಭೆ ಕೂಡಲು ಹಕ್ಕುಂಟು, ಕಾಯಿದೆಯ ಮುಂದೆ ಎಲ್ಲರೂ ಸಮಾನರು ಎಂಬ ತತ್ತ್ವಗಳು ಆ ಸಂವಿಧಾನದಲ್ಲಿ ಲಿಖಿತವಾಗಿ ಬಂದುವು. ಬ್ರಿಟನ್ನಿನಲ್ಲಿ ಇಂದಿಗೂ ಒಂದೇ ಗ್ರಂಥವಾಗಿ ಬರೆದ ಸಂವಿಧಾನವಿಲ್ಲ. ೧೯೫೬ರ ನವೆಂಬರ್ ೧ರಂದು ಬಿಜಾಪುರವೂ ಕಲಬುರ್ಗಿಯೂ ಒಂದೇ ರಾಜ್ಯದಲ್ಲಿ ಕೂಡಿದುವು. ೧೯೭೩ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಅಕ್ಕಲಕೋಟೆಯ ಕನ್ನಡಿಗರು ಮಾತ್ರ ಮಹಾರಾಷ್ಟ್ರದಲ್ಲಿ ಉಳಿದರು. ಹೈದರಾಬಾದ್ ಕರ್ನಾಟಕವೆಂದು ಕರೆಯಲ್ಪಡುತ್ತಿದ್ದ ಸೀಮೆಗೆ ೨೦೧೯ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು.

ವಿದ್ಯೆಯ ಋಣವೂ ಹೀಗೆಯೇ ಸ್ವಂತದ ಸೊತ್ತಾಯಿತು. ಜೇಮ್ಸ್ ಪ್ರಿನ್ಸೆಪ್ ಸಾಹೇಬರು ೧೮೩೭ರಲ್ಲಿ ಬ್ರಾಹ್ಮೀ ಲಿಪಿಯ ಬೀಗವನ್ನು ತೆರೆದರು. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾದ ಬೀಡನ್ ಸಾಹೇಬರಿಗೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನ ಸಿಕ್ಕಿತು. ಅದನ್ನು ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ೧೯೮೬ರಲ್ಲಿ ಭೀಮೆಯ ದಂಡೆಯ ಸನ್ನತಿಯಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ಅಶೋಕನ ಶಾಸನವುಳ್ಳ ಕಲ್ಲು ಬೆಳಕಿಗೆ ಬಂದಿತು. ಮುಂದೆ ಮಗ್ಗುಲಿನ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಬರೆದ ಅಶೋಕನ ಶಿಲ್ಪವೇ ದೊರೆಯಿತು. ಆ ವೇಳೆಗೆ ಅಗೆದವರೂ ಓದಿದವರೂ ಈ ದೇಶದವರೇ.

ಚೌಡಾಪುರದ ಹಾದಿಯಲ್ಲಿ ಇಂದು ಹಾಲಿ ಕಲ್ದಾರಗಳ ಲೆಕ್ಕವಿಲ್ಲ. ಭೀಮೆಯ ದಂಡೆಯಲ್ಲಿ ಕರೋಡಗಿರಿಯ ನಾಕೆಯಿಲ್ಲ. ಇಂಡಿಯ ಯಾತ್ರಿಕನೂ ಆಳಂದದ ಯಾತ್ರಿಕನೂ ಒಂದೇ ಹೊಳೆಯಲ್ಲಿ ಮಿಂದು ಒಂದೇ ಪಾದುಕೆಗೆ ನಮಸ್ಕರಿಸುವರು. ನೆನಪಿನಲ್ಲಿ ಮಾತ್ರ ಒಂದು ಲೆಕ್ಕದ ಪುಸ್ತಕವು ಉಳಿದಿದೆ. ಹಳೆಯ ಸಾವಕಾರರ ಕಿರ್ದಿಯಲ್ಲಿ ಜಮೆಯೂ ಖರ್ಚೂ ಎದುರುಬದುರಾಗಿ ಬೀಳುತ್ತಿದ್ದುವು. ಯಾವುದೊಂದನ್ನು ಅಡಗಿಸಿದರೂ ಲೆಕ್ಕ ಹೊಂದುತ್ತಿರಲಿಲ್ಲ. ನಾಡಿನ ಅಭಿಮಾನದ ಕಿರ್ದಿಯೂ ಅಂತಹದೇ. ಆಂಗ್ಲರ ಕಾಯಿದೆ, ರೈಲು, ಶಾಲೆ, ಶಾಸನವಿದ್ಯೆಗಳನ್ನು ಜಮೆಯಲ್ಲಿ ಬರೆಯುವಾಗ ಕನ್ನಡಿಗನ ಕೈ ನಡುಗಬೇಕಾದುದಿಲ್ಲ. ಸುರಪುರವನ್ನೂ ಸೊಲ್ಲಾಪುರವನ್ನೂ ಖರ್ಚಿನಲ್ಲಿ ಬರೆಯುವಾಗ ಸಂಕೋಚಪಡಬೇಕಾದುದಿಲ್ಲ. ತನ್ನ ಸ್ವಂತದ ೧೯೪೮ರ ಪುಟವನ್ನು ಹರಿಯದೆ ಉಳಿಸಿಕೊಂಡ ನಾಡಿನ ಲೆಕ್ಕವನ್ನು ಮಾತ್ರ ಮುಂದಿನವರು ನಂಬುವರು.